ಹೋರ್ಡಿಂಗ್ ಮೇಲಿನ ಕೈಯಲ್ಲಿ ಚೇಳಿರಲಿಲ್ಲ

ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಅಲ್ಲಿ ಮುಖಕ್ಕೆ ಹಚ್ಚುವ ಕ್ರೀಮು ತಯಾರಿಸುವ ಒಂದು ಸಣ್ಣ ಕಂಪನಿ, ಬಸ್ ಸ್ಟ್ಯಾಂಡಿನ ಹಿಂದೆ ರೊಟ್ಟಿ ಖಾನಾವಳಿ ನಡೆಸುವ ಒಬ್ಬ ಹೆಂಗಸು, ಜಾಹೀರಾತಿನ ಸಾಲು ಬರೆದುಕೊಟ್ಟ ನಾನು. ಪ್ರಕರಣದಲ್ಲಿ ಮುಖ್ಯವಾಗಿ ಇರುವುದು ಇಷ್ಟೇ ಜನ. ಊರಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ. ಶಾಂತವ್ವ ಎಂಬುದು ನಾನಿಟ್ಟ ಹೆಸರು. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನವೇ.

ಹಿನ್ನೆಲೆ

ಕಂಪನಿಗೆ ಮೂವತ್ತು ವರ್ಷ ದಾಟಿದೆ. ಅರಿಸಿನ, ಮಂಜಿಷ್ಠ, ಜ್ಯೇಷ್ಠಮಧು ಹಾಕಿ ಮಾಡುವ ಬಂಗಿನ ಕ್ರೀಮು ಅವರ ಮುಖ್ಯ ಮಾಲು. ಜೊತೆಗೊಂದು ಅರಿಸಿನದ ಸಾಬೂನು. ಐದಾರು ಜಿಲ್ಲೆಗಳ ಕಿರಾಣಿ ಅಂಗಡಿ, ಬಳೆ ಅಂಗಡಿ, ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ಬಂಗು ಅಂದರೆ ಕೆನ್ನೆ, ಹಣೆ, ಮೂಗಿನ ಮೇಲೆ ನಕಾಶೆಯಂತೆ ಹರಡುವ ಕಂದು ಕಲೆ. ಬಸಿರಿನಲ್ಲಿ ಬರುತ್ತದೆ, ಹಾರ್ಮೋನು ಏರುಪೇರಾದರೆ ಬರುತ್ತದೆ, ಬಿಸಿಲಿಗೆ ಹೆಚ್ಚುತ್ತದೆ. ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ಅದನ್ನು ತೆಗೆಯಲು ಯಾರೋ ಹೇಳಿದ ಸ್ಟೀರಾಯ್ಡ್ ಟ್ಯೂಬು ತಿಂಗಳುಗಟ್ಟಲೆ ಹಚ್ಚಿ ಚರ್ಮವನ್ನೇ ಹಾಳುಮಾಡಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ತಮ್ಮ ಕ್ರೀಮಿನಲ್ಲಿ ಅಂಥದ್ದೇನೂ ಇಲ್ಲ ಎಂಬುದು ಕಂಪನಿಯ ಯಜಮಾನರ ಹೆಮ್ಮೆ. ನ್ಯಾಯವಾದ ಹೆಮ್ಮೆಯೇ.

ಆದರೆ ಕ್ರೀಮಿಗಿಂತ ಹೆಚ್ಚು ಹೆಸರಾಗಿದ್ದು ಅದರ ಪೋಸ್ಟರ್. ಒಂದೇ ಹುಡುಗಿಯ ಎರಡು ಮುಖ. ಎಡಗಡೆ ಕಪ್ಪು, ಸೋತ ಕಣ್ಣು. ಬಲಗಡೆ ಬಿಳುಪು, ಹಲ್ಲು ಕಾಣುವ ನಗು. ಇಂಥ ಜೋಡಿ ಚಿತ್ರಗಳಲ್ಲಿ ಮೊದಲು ಹುಟ್ಟುವುದು ಬಲಗಡೆಯದು ಎಂಬುದು ನಮ್ಮ ಕಸುಬಿನವರಿಗೆ ಗೊತ್ತಿರುವ ಗುಟ್ಟು. ಅದಕ್ಕೇ ಕಂಪ್ಯೂಟರಿನಲ್ಲಿ ಮಸಿ ಬಳಿದು ಎಡಗಡೆಯದನ್ನು ತಯಾರು ಮಾಡುತ್ತಾರೆ.

ಇದು ಕಂಪನಿ ತಾನಾಗಿ ಕಂಡುಕೊಂಡ ಉಪಾಯವಲ್ಲ. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದ ಮೇಲೆ ದೊಡ್ಡ ಕಂಪನಿಗಳು ಹೇಳಿಕೊಟ್ಟ ಕಥೆ: ಬೆಳ್ಳಗಾದರೆ ಗಂಡು ಒಪ್ಪುತ್ತಾನೆ, ಬೆಳ್ಳಗಾದರೆ ಕೆಲಸ ಸಿಗುತ್ತದೆ. ನನ್ನ ಮದುವೆಯ ಬಯೋಡೇಟಾದಲ್ಲಿ ಅಮ್ಮ "ಎಣ್ಣೆಗೆಂಪು" ಎಂದು ಬರೆಸಿದ್ದಳು. ಕಪ್ಪು ಅನ್ನಲು ಮನಸ್ಸಿಲ್ಲದ, ಬಿಳಿ ಅನ್ನಲು ಧೈರ್ಯವಿಲ್ಲದ ತಾಯಂದಿರಿಗೆ ಕನ್ನಡ ಮಾಡಿಕೊಟ್ಟ ಅನುಕೂಲ ಅದು.

ಜಾಹೀರಾತು ಉದ್ಯಮ ತಾನೇ ಕಟ್ಟಿಕೊಂಡ ಆಸ್ಕಿ ಮಂಡಳಿ 2014ರಲ್ಲೇ ಈ ಬಗೆಯ ಜಾಹೀರಾತಿಗೆ ನಿಯಮ ಮಾಡಿತ್ತು. ಕಪ್ಪಗಿರುವವರನ್ನು ದುಃಖಿಗಳಂತೆ, ಮದುವೆಗೋ ನೌಕರಿಗೋ ಲಾಯಕ್ಕಿಲ್ಲದವರಂತೆ ತೋರಿಸುವಂತಿಲ್ಲ. "ಮೊದಲು" ಎಂಬ ಚಿತ್ರದಲ್ಲಿ ಮುಖ ಸಪ್ಪಗೆ ಇರಬಾರದು ಎಂಬುದನ್ನೂ ಅದರಲ್ಲಿ ಬರೆದಿದ್ದರು. ನಮ್ಮ ಕಡೆಯ ಬಳೆ ಅಂಗಡಿಯ ಗಾಜಿನವರೆಗೆ ಆ ನಿಯಮ ಬರಲಿಲ್ಲ. 2020ರಲ್ಲಿ ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯಿತು. 2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಬಲವಾಗಿ ಇದ್ದದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಮೊದಲ ಸಲಕ್ಕೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ. ಈ ಅಂಕಿಯನ್ನು ಕಂಪನಿಯ ವಕೀಲರು ಓದಿ ಹೇಳಿದ ದಿನ ಪೋಸ್ಟರ್ ಇಳಿಸುವ ತೀರ್ಮಾನವಾಯಿತು.

ಸಮಸ್ಯೆ

ತೀರ್ಮಾನ ಯಜಮಾನರ ಸೊಸೆಯದು. ವ್ಯವಹಾರ ಆಗಷ್ಟೇ ಅವಳ ಕೈಗೆ ಬರುತ್ತಿತ್ತು. ದಂಡದ ಭಯ ಮಾವನಿಗೆ. ಅವಳಿಗೆ ಆ ಪೋಸ್ಟರೇ ನಾಚಿಕೆ. ಇಬ್ಬರೂ ಒಪ್ಪಿ ನನಗೆ ಹೇಳಿದ ಮಾತು ಒಂದೇ: ಪೋಸ್ಟರ್ ಇಳೀಬೇಕು, ವ್ಯಾಪಾರ ಇಳೀಬಾರದು.

ನಾನು ಕೊಟ್ಟ ಸಲಹೆ ಆ ಹೊತ್ತಿಗೆ ಎಲ್ಲರೂ ಕೊಡುತ್ತಿದ್ದದ್ದೇ. ಮಾಡೆಲ್ ಬೇಡ, ನಿಮ್ಮ ಕ್ರೀಮು ಹಚ್ಚುವ ಹೆಂಗಸರನ್ನೇ ತೋರಿಸಿ. ಸಾಲು: "ಇದು ನನ್ನ ಮುಖ." ಮೂರೇ ಪದ. ಬರೆದ ದಿನ ನನಗೆ ಬಹಳ ಖುಷಿಯಾಗಿತ್ತು.

ಮೂವರನ್ನು ಆರಿಸಿದೆವು. ಅವರಲ್ಲಿ ಶಾಂತವ್ವ ಒಬ್ಬರು. ವಯಸ್ಸು ಐವತ್ತರ ಆಸುಪಾಸು, ಎರಡೂ ಕೆನ್ನೆಗೆ ಬಂಗು, ಬಲ ಮುಂಗೈ ಮೇಲೆ ಹಸಿರು ಹಚ್ಚೆ: ಒಂದು ಚೇಳು, ಅದರ ಸುತ್ತ ಐದು ಚುಕ್ಕಿ. ಸಣ್ಣವರಿದ್ದಾಗ ಜಾತ್ರೆಯಲ್ಲಿ ಅಜ್ಜಿ ಕೂರಿಸಿ ಹಾಕಿಸಿದ್ದು. ಫೋಟೋ ತೆಗೆದದ್ದು ಖಾನಾವಳಿಯಲ್ಲೇ. ಹಿಟ್ಟಿನ ಮೇಲೆ ಅಂಗೈ ಬಿದ್ದಾಗ ಚೇಳಿನ ಕೊಂಡಿ ಒಂದಿಷ್ಟು ಉದ್ದವಾಗುತ್ತಿತ್ತು, ಕೈ ಮೇಲೆದ್ದಾಗ ಮುದುಡುತ್ತಿತ್ತು. ರೊಟ್ಟಿಗಿಂತ ನಾನು ಅದನ್ನೇ ನೋಡುತ್ತಿದ್ದೆ. "ಸಹಜವಾಗಿರಲಿ" ಎಂದು ಮೊದಲೇ ಹೇಳಿದ್ದರೂ ಫೋಟೋಗ್ರಾಫರ್ ಒಬ್ಬ ಮೇಕಪ್‌ನವನನ್ನು ಕರೆತಂದಿದ್ದ. ಮೇಕಪ್ ಇಲ್ಲದಂತೆ ಕಾಣಲು ಮೇಕಪ್ ಬೇಕಂತೆ. ಶಾಂತವ್ವ ಅವನಿಗೆ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ಕೊಟ್ಟು ಒಂದು ಮೂಲೆಯಲ್ಲಿ ಕೂರಿಸಿದರು. ಆ ದಿನ ನಮ್ಮ ಕಡೆಯಿಂದ ಆಗಬೇಕಿದ್ದ ಒಂದು ಒಳ್ಳೆಯ ಕೆಲಸವನ್ನು ಅವರೇ ಮಾಡಿದರು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಎರಡು ಪುಟ. ಚಿತ್ರವನ್ನು ಬೇಕಾದಂತೆ ಬದಲಾಯಿಸುವ ಹಕ್ಕು ಕಂಪನಿಗೆ ಇದೆ ಎಂಬ ಸಾಲು ಎರಡನೆಯ ಪುಟದಲ್ಲಿ. ಶಾಂತವ್ವ ಸಹಿ ಹಾಕಿದರು, 5,000 ರೂಪಾಯಿ ಎಣಿಸಿಕೊಂಡರು. ಓದಿ ಹೇಳಬೇಕಿತ್ತು. ಹೇಳಲಿಲ್ಲ.

ಮೊದಲ ತಪ್ಪು

ಫೋಟೋ ತಿದ್ದುವ ಹುಡುಗ ಬೆಂಗಳೂರಿನಲ್ಲಿ. ಅವನಿಗೆ ನಾನು ಕಳಿಸಿದ ಸೂಚನೆ ಈಗಲೂ ನನ್ನ ಮೇಲ್‌ನಲ್ಲಿದೆ: "ನ್ಯಾಚುರಲ್ ಇರಲಿ, ಸ್ವಲ್ಪ ಕ್ಲೀನ್ ಮಾಡಿ." ಆ "ಕ್ಲೀನ್" ಎಂಬ ಪದ ಏನೇನು ಗುಡಿಸಿಹಾಕುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅವನ ಕೆಲಸದಲ್ಲಿ ಅದಕ್ಕೆ ನಿಶ್ಚಿತ ಅರ್ಥವಿದೆ: ಮಚ್ಚೆ, ಮೊಡವೆ, ಕಲೆ, ಗಾಯದ ಗುರುತು ಎಲ್ಲ ಹೋಗಬೇಕು. ಚರ್ಮದ ಬಣ್ಣ ಒಂದು ಪದರ, ರಂಧ್ರ ಗೆರೆಗಳು ಇನ್ನೊಂದು ಪದರ ಎಂದು ಚಿತ್ರವನ್ನು ಬೇರ್ಪಡಿಸಿಕೊಂಡು, ಬಣ್ಣದ ಪದರವನ್ನಷ್ಟೇ ಸಮ ಮಾಡುತ್ತಾನೆ. ರಂಧ್ರಗಳು ಉಳಿಯುತ್ತವೆ, ಹಾಗಾಗಿ ನೋಡುವವರಿಗೆ ತಿದ್ದಿದ್ದು ಗೊತ್ತಾಗುವುದಿಲ್ಲ. ಬಂಗು ಹೋಯಿತು. ಮುಂಗೈ ಮೇಲಿನ ಹಸಿರು ಗುರುತೂ ಅವನಿಗೆ ಕಲೆಯಂತೆಯೇ ಕಂಡಿತು, ಅದೂ ಹೋಯಿತು. ದಿನಕ್ಕೆ ಅಷ್ಟೊಂದು ಮುಖ ತೊಳೆಯುವವನು ಇದೊಂದು ಕೈ ಮುಂದೆ ನಿಂತು ಇದೇನು ಎಂದು ಏಕೆ ಕೇಳುತ್ತಾನೆ? ಕೇಳಲು ನಾನು ದಾರಿಯನ್ನೂ ಇಟ್ಟಿರಲಿಲ್ಲ. ತಿದ್ದಿದ ಚಿತ್ರ ನನಗೆ ಬಂತು, ಮೊಬೈಲಿನಲ್ಲಿ ನೋಡಿದೆ, "ಸೂಪರ್" ಎಂದು ಕಳಿಸಿದೆ. ಖಾನಾವಳಿಯಲ್ಲಿ ಎರಡು ಗಂಟೆ ಆ ಚೇಳನ್ನೇ ನೋಡುತ್ತಿದ್ದವಳು ನಾನೇ.

ದಸರೆಗೆ ಮುಂಚೆ ಬಸ್ ಸ್ಟ್ಯಾಂಡಿನ ಎದುರು ಹೋರ್ಡಿಂಗ್ ಏರಿತು. ಇಪ್ಪತ್ತು ಅಡಿ ಅಗಲ. "ಇದು ನನ್ನ ಮುಖ." ಕೆಳಗೆ ಬಂಗಿನ ಕ್ರೀಮಿನ ಟ್ಯೂಬು.

ಅಂದರೆ, ಕ್ರೀಮು ಮಾಡುತ್ತದೆಂದು ಹೇಳಿಕೊಳ್ಳುವ ಕೆಲಸವನ್ನು ಫೋಟೋಶಾಪ್ ಮಾಡಿತ್ತು. 2011ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಕರು ಲ್ಯಾಂಕೋಮ್ ಮತ್ತು ಮೇಬೆಲಿನ್ ಜಾಹೀರಾತುಗಳನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ: ಮುಖದ ಆ ನುಣುಪು ಉತ್ಪನ್ನದ್ದೋ ಕಂಪ್ಯೂಟರಿನದ್ದೋ ಎಂದು ಕಂಪನಿಗೆ ತೋರಿಸಿಕೊಡಲು ಆಗಲಿಲ್ಲ. ಆ ಪ್ರಕರಣವನ್ನು ನಾನು ಕಾಲೇಜು ಹುಡುಗರಿಗೆ ಪಾಠ ಮಾಡಿದ್ದೇನೆ.

ಶಾಂತವ್ವ ಮೊಮ್ಮಗಳನ್ನು ಕರೆದುಕೊಂಡು ನೋಡಲು ಹೋದರು. ಮಗು ಕತ್ತೆತ್ತಿ ನೋಡಿ ಹೇಳಿತಂತೆ: "ಆಯೀ, ನಿನ್ನ ಕೈಯಾಗ ಚೇಳ ಇಲ್ಲ." ಸಂಜೆ ಕಂಪನಿಗೆ ಫೋನ್ ಬಂತು.

"ನನ್ನ ಹಚ್ಚಿ ಎಲ್ಲಿ ಹೋತ್ರೀ? ಮಾರಿ ನೀವು ಏನರ ಮಾಡ್ಕೋರಿ, ಕೈಗೆ ಯಾಕ ಕೈ ಹಚ್ಚಿದ್ರಿ? ಸತ್ತಾಗ ಬಂಗಾರ ಬಿಚ್ಚಿಕೋತಾರ. ಜೋಡಿ ಬರೋದು ಇದೊಂದ."

ಎರಡನೆಯ ತಪ್ಪು

ಮರುದಿನದ ಸಭೆಯಲ್ಲಿ ಮೂರು ಅಭಿಪ್ರಾಯ. ಯಜಮಾನರು: "ನೋಡಾವ್ರು ಮಾರಿ ನೋಡ್ತಾರ, ಕೈ ಯಾರು ನೋಡ್ತಾರ? ಬಿಡ್ರಿ." ಫೋಟೋಗ್ರಾಫರ್: ಮೂಲ ಚಿತ್ರದಿಂದ ಹಚ್ಚೆಯನ್ನಷ್ಟೇ ತಂದು ಕೂರಿಸೋಣ, ಹತ್ತು ನಿಮಿಷದ ಕೆಲಸ. ಸೊಸೆ: ಇಡೀ ಚಿತ್ರ ಬದಲಿಸೋಣ, ಕ್ಯಾಮೆರಾದಿಂದ ಬಂದದ್ದು ಬಂದಂತೆಯೇ ಹೋಗಲಿ.

ನಾನು ಸೊಸೆಯ ಪರ ನಿಂತೆ. ಸುಳ್ಳು ಸಿಕ್ಕಿಬಿದ್ದಾಗ ಪೂರ್ತಿ ಸತ್ಯ ಹೇಳುವುದೇ ದಾರಿ ಎಂದು ಭಾಷಣವನ್ನೂ ಮಾಡಿದೆ. ಮೂರು ದಿನದಲ್ಲಿ ಹೊಸ ಪ್ರಿಂಟ್ ಏರಿತು. ಚೇಳು ವಾಪಸು ಬಂದಿತ್ತು. ಬಂಗೂ ಬಂದಿತ್ತು, ಒಂದೊಂದು ಕೆನ್ನೆಯದು ಬಾಗಿಲಿನಷ್ಟು ಅಗಲ. ಕೆಳಗೆ ನಾನು ಸೇರಿಸಿದ ಹೊಸ ಸಾಲು: "ಏನೂ ತಿದ್ದಿಲ್ಲ." ಅದರ ಕೆಳಗೆ ಅದೇ ಟ್ಯೂಬು.

ಬೆಂಗಳೂರಿನಲ್ಲಿ ಆ ಫೋಟೋ ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಓಡಾಡಿತು. ದಿಟ್ಟ ಜಾಹೀರಾತು ಎಂದು ಹೊಗಳಿದವರೆಲ್ಲ ಆ ಬಸ್ ಸ್ಟ್ಯಾಂಡಿನಿಂದ ನೂರಾರು ಕಿಲೋಮೀಟರ್ ದೂರ ಇದ್ದವರು. ಶಾಂತವ್ವನಿಂದ ಫೋನ್ ಬರಲಿಲ್ಲ. ಫೋನ್ ಬರಲಿಲ್ಲವೆಂದರೆ ಸಮಾಧಾನವಾಗಿದೆ ಎಂದು ತಿಳಿದೆವು. ಈ ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗಿ ನೋಡುವುದು ಈ ಘಟ್ಟವನ್ನೇ. ಮೊದಲ ಸಲ ಅವರನ್ನು ಕೇಳದೆ ಅಳಿಸಿದ್ದೆವು. ಎರಡನೆಯ ಸಲ ಅವರನ್ನು ಕೇಳದೆ ಬಯಲಿಗೆ ಇಟ್ಟೆವು. ನಮ್ಮ ಲೆಕ್ಕದಲ್ಲಿ ಎರಡನೆಯದು ಮೊದಲಿನದರ ಪ್ರಾಯಶ್ಚಿತ್ತ.

ಹನ್ನೊಂದನೆಯ ದಿನ ಶಾಂತವ್ವನ ಮಗ ಯಜಮಾನರ ಸೊಸೆಗೆ ಫೋನ್ ಮಾಡಿದ. ಅವ್ವ ಗಲ್ಲೆ ಮೇಲೆ ಕೂರುವುದು ಬಿಟ್ಟಿದ್ದಾಳೆ, ಒಳಗೆ ಒಲೆ ಹತ್ತಿರವೇ ಇರುತ್ತಾಳೆ, ಸೆರಗು ಕೆನ್ನೆವರೆಗೆ ಎಳೆದುಕೊಳ್ಳುತ್ತಾಳೆ. ದಿನಾ ಊಟಕ್ಕೆ ಬರುವ ಒಬ್ಬ ಗಿರಾಕಿ, ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದ್ದನಂತೆ:

"ಶಾಂತಕ್ಕಾ, ಇನ್ನೊಂದು ಫೋಟೋ ಯಾವಾಗ ಹಾಕ್ತಾರ?"

ಮೂವತ್ತು ವರ್ಷ ಆ ಕಂಪನಿ ಆ ಊರಿಗೆ ಎರಡೆರಡು ಮುಖ ತೋರಿಸಿ ಅಭ್ಯಾಸ ಮಾಡಿಸಿತ್ತು. ಬಂಗಿರುವ ಮುಖ, ಪಕ್ಕದಲ್ಲಿ ಬಂಗಿನ ಟ್ಯೂಬು ಎಂದ ಮೇಲೆ ಜನ ಅದನ್ನು ಎಡಗಡೆಯ ಚಿತ್ರ ಎಂದೇ ಓದಿದರು. ಬಲಗಡೆಯದಕ್ಕೆ ಕಾಯುತ್ತಿದ್ದರು. ನಾವು "ನಿಜ" ಎಂದು ಕರೆದದ್ದು ಆ ಊರಿನ ಕಣ್ಣಿಗೆ "ಮೊದಲು" ಆಗಿತ್ತು.

ಇದೇ ಗೋಜಲು ನಮಗಿಂತ ಬಹಳ ದೊಡ್ಡವರಿಗೂ ಆಗಿದೆ. 2004ರಲ್ಲಿ ಡವ್ ಶುರುಮಾಡಿದ "ರಿಯಲ್ ಬ್ಯೂಟಿ" ಅಭಿಯಾನವನ್ನು ಜಾಹೀರಾತಿನ ತರಗತಿಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಮಾಡೆಲ್‌ಗಳಲ್ಲದ, ಬೇರೆ ಬೇರೆ ಮೈಕಟ್ಟಿನ ಹೆಂಗಸರು ಒಳಉಡುಪಿನಲ್ಲಿ ನಗುತ್ತಾ ನಿಂತ ಆ ಚಿತ್ರಗಳು ಮಾರುತ್ತಿದ್ದುದು ಏನನ್ನು? ಚರ್ಮ ಬಿಗಿ ಮಾಡುವ ಕ್ರೀಮನ್ನು. ನೀನು ಇರುವ ಹಾಗೇ ಚಂದ, ತೊಡೆಗೆ ಇದನ್ನೊಂದಿಷ್ಟು ಹಚ್ಚಿಕೋ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಫೇರ್ ಅಂಡ್ ಲವ್ಲಿ ತಯಾರಾಗುತ್ತಿತ್ತು, ಎರಡೂ ಯೂನಿಲಿವರ್‌ನವೇ. ಆ ಅಭಿಯಾನದಿಂದ ಒಳ್ಳೆಯದೇನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ಒಂದು ಮುಖ ಹೇಗೆ ರೂಪದರ್ಶಿಯ ಮುಖವಾಗುತ್ತದೆ ಎಂದು ತೋರಿಸಿದ ಅವರ 2006ರ ಕಿರುಚಿತ್ರ ನೋಡಿಯೇ ತಿದ್ದುವಿಕೆಯ ವಿಷಯ ನನ್ನ ತಲೆಗೆ ಹತ್ತಿದ್ದು. ಆದರೆ ಚಿತ್ರ ಹೇಳುವುದಕ್ಕೂ ಟ್ಯೂಬು ಹೇಳುವುದಕ್ಕೂ ಜಗಳವಿದ್ದಾಗ ಊರು ಟ್ಯೂಬಿನ ಮಾತನ್ನೇ ನಂಬುತ್ತದೆ.

ಮೂರನೆಯ ಯತ್ನ

ಹೋರ್ಡಿಂಗ್ ಇಳಿಸಿದ ಮೇಲೆ ನಾನು ಮತ್ತು ಸೊಸೆ ಖಾನಾವಳಿಗೆ ಹೋದೆವು. ಮಧ್ಯಾಹ್ನದ ಊಟದ ಗದ್ದಲ ಮುಗಿದು ನಾಲ್ಕು ಗಂಟೆಯ ಹೊತ್ತು. ಲ್ಯಾಪ್‌ಟಾಪ್ ಬೆಂಚಿನ ಮೇಲಿಟ್ಟು ಅವತ್ತು ತೆಗೆದ ಎಲ್ಲ ಫೋಟೋ ತೋರಿಸಿದೆವು, ಇನ್ನೂರಕ್ಕಿಂತ ಹೆಚ್ಚಿದ್ದವು. ಶಾಂತವ್ವ ಮಾತಾಡದೆ ನೋಡುತ್ತಾ ಹೋದರು. ನಾವು ಆರಿಸಿದ್ದ ಚಿತ್ರ ಬಂದಾಗ ನಿಲ್ಲಲೂ ಇಲ್ಲ. ಬಹಳ ಹೊತ್ತಿನ ಮೇಲೆ ಒಂದರಲ್ಲಿ ನಿಂತರು. ಮೇಕಪ್‌ನವನಿಗೆ ಇನ್ನೊಂದು ರೊಟ್ಟಿ ಬಡಿಸುತ್ತಾ ಪಕ್ಕಕ್ಕೆ ತಿರುಗಿ ನಕ್ಕ ಚಿತ್ರ. ಹಂಚಿನ ಹೊಗೆ ಅರ್ಧ ಅಡ್ಡ ಬಂದಿದೆ, ಒಂದು ಕೆನ್ನೆಯ ಬಂಗು ಕಾಣುತ್ತಿದೆ, ಮುಂದೆ ಚಾಚಿದ ಕೈ, ಕೈ ಮೇಲೆ ಚೇಳು. ಫೋಟೋಗ್ರಾಫರ್ ಫೋಕಸ್ ಸರಿಯಿಲ್ಲವೆಂದು ಬದಿಗಿಟ್ಟದ್ದು.

"ಇದು ನಾನು" ಎಂದರು. ಬಂಗಿನ ಬಗ್ಗೆ ಸೊಸೆ ಅಳುಕುತ್ತಲೇ ಕೇಳಿದಳು. "ಬಂಗು ಇದ್ರ ಇರ್ಲಿ, ನನಗೇನು ಅದು ಹೊಸಾದಲ್ಲ. ಆದ್ರ ಅದನ್ನ ಮುಂದ ಇಟ್ಕೊಂಡು ನೀವು ವ್ಯಾಪಾರ ಮಾಡಬ್ಯಾಡ್ರಿ." ಆಮೇಲೆ ಪರದೆಗೆ ಬೆರಳಿಟ್ಟು ತೋರಿಸಿದರು. ಕುಪ್ಪಸದ ತೋಳು ಹರಿದಲ್ಲಿ ಒಂದು ಪಿನ್ನು. "ಇದನ್ನ ತಗೀರಿ."

ನಾನು ತಡವರಿಸಿದೆ. "ಏನೂ ತಿದ್ದಿಲ್ಲ" ಎಂಬ ಸಾಲು ನನ್ನ ತಲೆಯಲ್ಲಿ ಇನ್ನೂ ಕೂತಿತ್ತು. ಅದು ಎಷ್ಟು ಮೂರ್ಖ ಸಾಲು ಎಂದು ಅರ್ಥವಾದದ್ದು ಆ ಬೆಂಚಿನ ಮೇಲೆ. ನನಗೆ ಬೇಕಾಗಿದ್ದದ್ದು ನನ್ನ ಜಾಹೀರಾತಿನ ಪ್ರಾಮಾಣಿಕತೆ. ಅದಕ್ಕಾಗಿ ಅವರ ಕುಪ್ಪಸದ ಪಿನ್ನನ್ನೂ ಊರಿಗೆ ತೋರಿಸಲು ತಯಾರಿದ್ದೆ. ಪಿನ್ನು ತೆಗೆದೆವು. ಸಾಲನ್ನೂ ತೆಗೆದೆವು.

ಸೊಸೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಪ್ರಕರಣದ ನಿಜವಾದ ತಿರುವು ಅದು, ನನ್ನದಲ್ಲ. ಬಂಗಿನ ಕ್ರೀಮಿನ ಜಾಹೀರಾತಿನಲ್ಲಿ ಇನ್ನು ಮುಂದೆ ಯಾವ ಮುಖವೂ ಇರಬಾರದು ಎಂದಳು. ಟ್ಯೂಬು, ಒಳಗೆ ಏನಿದೆ, ಬೆಲೆ ಎಷ್ಟು, ಬಿಸಿಲಿಗೆ ಹೋಗುವಾಗ ಮುಖ ಮುಚ್ಚಿಕೊಳ್ಳಿ, ಕಲೆ ಹೆಚ್ಚಿದರೆ ಚರ್ಮದ ಡಾಕ್ಟರಿಗೆ ತೋರಿಸಿ. ಇಷ್ಟೇ. ಮುಖಗಳೆಲ್ಲ ಸಾಬೂನಿನ ಕಡೆಗೆ. ಕೈ ತೊಳೆಯುವುದಕ್ಕೆ ಮೊದಲು, ಆಮೇಲೆ ಎಂಬ ಅವಮಾನ ಇಲ್ಲವಲ್ಲ. ಯಜಮಾನರು ಎರಡು ವಾರ ಆಫೀಸಿಗೆ ಬರಲಿಲ್ಲ.

ಆದದ್ದು

ಆ ದೀಪಾವಳಿಗೆ ಕ್ರೀಮಿನ ಮಾರಾಟ ಹಿಂದಿನ ವರ್ಷಕ್ಕಿಂತ ಕುಸಿಯಿತು. ಸಾಬೂನಿನದು ತುಸು ಏರಿತು, ಆ ನಷ್ಟ ತುಂಬುವಷ್ಟಲ್ಲ. ಅಂಗಡಿಯವರು ಹಳೆಯ ಪೋಸ್ಟರ್ ಕೇಳುತ್ತಲೇ ಇದ್ದರು. ಗಿರಾಕಿ ಬೆರಳು ಮಾಡಿ ತೋರಿಸಲು ಅದೇ ಅನುಕೂಲವಂತೆ. ನೈಜತೆ ಲಾಭ ತರುತ್ತದೆ ಎಂದು ಗ್ರಾಹಕರಿಗೆ ಹೇಳಿಕೊಂಡು ತಿರುಗುವ ನನ್ನಂಥವರು ಇದನ್ನು ಬಚ್ಚಿಡಬಾರದು. ಶಾಂತವ್ವ ಗಲ್ಲೆಗೆ ಮರಳಿದರು. ಸಾಬೂನಿನ ಹೋರ್ಡಿಂಗಿನ ಒಂದು ಸಣ್ಣ ಪ್ರಿಂಟ್ ಈಗ ಖಾನಾವಳಿಯ ಗೋಡೆ ಮೇಲಿದೆ, ಬಸವಣ್ಣನ ಪಟದ ಪಕ್ಕ.

ಕೆಲಸದ ರೀತಿಯಲ್ಲೂ ಬದಲಾವಣೆಯಾಗಿದೆ. "ಕ್ಲೀನ್" ಎಂಬ ಪದ ನನ್ನ ಸೂಚನೆಗಳಿಂದ ಹೋಗಿದೆ. ಏನು ಮುಟ್ಟಬೇಕು, ಏನು ಮುಟ್ಟಬಾರದು ಎಂದು ಹೆಸರಿಟ್ಟೇ ಬರೆಯುತ್ತೇನೆ. ಫ್ರಾನ್ಸಿನಲ್ಲಿ 2017ರಿಂದ ಮಾಡೆಲ್‌ನ ಮೈಯನ್ನು ತೆಳ್ಳಗೋ ದಪ್ಪಗೋ ಮಾಡಿದ ಜಾಹೀರಾತಿಗೆ, ನಾರ್ವೆಯಲ್ಲಿ 2022ರಿಂದ ಚರ್ಮ ತಿದ್ದಿದ ಚಿತ್ರಕ್ಕೂ "ತಿದ್ದಲಾಗಿದೆ" ಎಂಬ ಗುರುತು ಹಾಕಬೇಕು. ಒಳ್ಳೆಯ ಕಾನೂನುಗಳೇ. ಆದರೆ ನಮ್ಮ ಎರಡನೆಯ ಹೋರ್ಡಿಂಗ್ ಎರಡೂ ದೇಶಗಳಲ್ಲಿ ಯಾವ ಗುರುತೂ ಇಲ್ಲದೆ ಪಾಸಾಗುತ್ತಿತ್ತು. ಅದಕ್ಕೇ ನಾವು ಹಿಡಿದದ್ದು ಒಪ್ಪಿಗೆ ಪತ್ರವನ್ನು. ಈಗ ಅದು ಕನ್ನಡದಲ್ಲಿದೆ, ಒಂದೇ ಪುಟ, ಕುಳಿತು ಓದಿ ಹೇಳುತ್ತೇವೆ. ಅದರಲ್ಲಿ ಎರಡು ಖಾಲಿ ಜಾಗ: "ಏನನ್ನು ಮುಟ್ಟಬಾರದು", "ಏನನ್ನು ತಿದ್ದಬೇಕು". ಯಾವ ವಸ್ತುವಿನ ಪಕ್ಕ ಮುಖ ಬರುತ್ತದೆ ಎಂಬುದನ್ನೂ ಮೊದಲೇ ಹೇಳುತ್ತೇವೆ. ಅಚ್ಚಿಗೆ ಹೋಗುವ ಮುಂಚೆ ಚಿತ್ರವನ್ನು ಅವರ ಮನೆಗೇ ಒಯ್ದು ತೋರಿಸುತ್ತೇವೆ. ಶಾಂತವ್ವನ ಪತ್ರದಲ್ಲಿ ಮೊದಲ ಜಾಗದಲ್ಲಿ "ಕೈ", ಎರಡನೆಯದರಲ್ಲಿ "ಪಿನ್ನ" ಎಂದಿದೆ.

ಎಲ್ಲ ಸರಿಹೋಯಿತು ಎಂದುಕೊಂಡಿದ್ದಾಗ ಮರುವರ್ಷ ಸಾಬೂನಿಗೆ ಇನ್ನೊಬ್ಬಳು ಬಂದಳು. ಇಪ್ಪತ್ತಮೂರರ ಹುಡುಗಿ, ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ. ಒಳ್ಳೆಯ ಚಿತ್ರ ಬಂದಿತ್ತು. ಎರಡನೆಯ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: "ಬಣ್ಣ ಸ್ವಲ್ಪ ತಿಳಿ ಮಾಡಿ."

ನಮ್ಮ ಪತ್ರದ ಪ್ರಕಾರ ಮಾಡಬೇಕು. ಆದರೆ ಇಪ್ಪತ್ತು ಅಡಿಯ ಹೋರ್ಡಿಂಗ್ ಅವಳೊಬ್ಬಳದೇ ಮುಖವಲ್ಲ, ಕೆಳಗೆ ಬಸ್ಸಿಗೆ ನಿಲ್ಲುವ ಹುಡುಗಿಯರೆಲ್ಲ ನೋಡುವುದು. ಸೊಸೆ ಆಗುವುದಿಲ್ಲ ಎಂದಳು. ಕಂಪನಿ ಈಗ ಯಾರ ಬಣ್ಣವನ್ನೂ ಬದಲಿಸುವುದಿಲ್ಲ, ನೀನು ಇರುವ ಬಣ್ಣವೇ ಚಂದವಿದೆ ಎಂದು ಹೇಳಿದಳು. ಹಣ ಪೂರ್ತಿ ಕೊಟ್ಟಳು. ಹುಡುಗಿ ಚಿತ್ರ ಹಾಕುವುದು ಬೇಡ ಎಂದು ಪತ್ರ ವಾಪಸು ತೆಗೆದುಕೊಂಡಳು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ, ಸಿಟ್ಟೇನೂ ಇಲ್ಲದೆ ಹೇಳಿದಳು:

"ನಿಮ್ಮ ಹಳೇ ಪೋಸ್ಟರ್ ನಮ್ಮ ಸಾಲಿ ಎದುರಿನ ಅಂಗಡ್ಯಾಗ ಇತ್ರೀ ಅಕ್ಕಾರ. ಹತ್ತು ವರ್ಷ ದಿನಾ ನೋಡೀನಿ."